ಕಡಲೆ ಇದೆ, ಹಲ್ಲಿಲ್ಲ

ನಿಮ್ಮ ಲ್ಯಾಪ್‌ಟಾಪನ್ನು ಒಮ್ಮೆ ಎತ್ತಿ ಅದರ ಬಲಗಡೆಯ ಅಂಚು ನೋಡಿ. ಒಂದೆರಡು ಯುಎಸ್‌ಬಿ ಕಿಂಡಿ, ಹೆಡ್‌ಫೋನಿಗೊಂದು ತೂತು, ಅಷ್ಟೇ. ಹದಿನೈದು ವರ್ಷದ ಹಿಂದೆ ಅದೇ ಜಾಗದಲ್ಲಿ ಒಂದು ಬಾಗಿಲಿತ್ತು. ಗುಂಡಿ ಒತ್ತಿದರೆ ಟಕ್ ಅಂತ ಒಂದು ತಟ್ಟೆ ಹೊರಗೆ ಬರ್ತಿತ್ತು. ಅದರ ಮೇಲೆ ಸೀಡಿ ಕೂರಿಸಿ ಒಳಗೆ ತಳ್ಳಿದರೆ ಗುಂಯ್ ಅಂತ ತಿರುಗೋದಕ್ಕೆ ಶುರು. ಆ ಸದ್ದು ಕೇಳಿದರೆ ಏನೋ ಇನ್‌ಸ್ಟಾಲ್ ಆಗ್ತಿದೆ ಅಂತ ಅರ್ಥ. ಈಗ ಆಫೀಸಿನಲ್ಲಿ ನನ್ನ ಪಕ್ಕ ಕೂರೋ ಹುಡುಗರಿಗೆ ಆ ಸದ್ದೇ ಗೊತ್ತಿಲ್ಲ.

ಬಾಗಿಲು ಹೋಗಿದ್ದು ಒಳ್ಳೆಯದೇ ಆಯಿತು, ಬ್ಯಾಗು ಹಗುರ ಆಯಿತು ಅಂತ ಹೆಚ್ಚಿನವರು ಸುಮ್ಮನಾದರು. ಆದರೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಂಡು, ಡಬ್ಬದ ಸಮೇತ ಬೀರುವಿನಲ್ಲಿ ಇಟ್ಟುಕೊಂಡಿದ್ದವರಿಗೆ ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ದಿನ ಒಂದು ಗಾದೆ ನೆನಪಾಗಿರಬೇಕು: ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ಆ ಹಲ್ಲು ಉದುರಿದ ಚರಿತ್ರೆ ನೋಡ್ತಾ ಹೋದರೆ, ಜೊತೆಗೆ ಇನ್ನೂ ಏನೇನು ಉದುರಿತು ಅನ್ನೋದು ನಿಧಾನವಾಗಿ ಕಾಣುತ್ತೆ.

ಮೊದಲು ಹಲ್ಲು ಬಂದ ಕಥೆ. ಸೀಡಿಗೂ ಮುಂಚೆ ಫ್ಲಾಪಿ ಇತ್ತು. ಒಂದಕ್ಕೆ 1.44 ಎಂಬಿ. ವಿಂಡೋಸ್ 95 ಅನ್ನು ಫ್ಲಾಪಿಯಲ್ಲಿ ಕೊಂಡವರ ಕೈಗೆ 13 ಫ್ಲಾಪಿ ಸಿಗ್ತಿದ್ದವು. ಹನ್ನೆರಡನ್ನು ಒಂದಾದ ಮೇಲೊಂದು ಹಾಕಿ ತೆಗೆದು, ಹದಿಮೂರನೆಯದು ಓದಲಿಲ್ಲ ಅಂದರೆ ಅಲ್ಲಿಗೆ ಕಥೆ ಮುಗೀತು. ಸೀಡಿ ಹುಟ್ಟಿದ್ದು ಹಾಡಿಗಾಗಿ. ಫಿಲಿಪ್ಸ್ ಮತ್ತು ಸೋನಿ ಸೇರಿ 1982ರಲ್ಲಿ ಮಾರುಕಟ್ಟೆಗೆ ತಂದ ತಟ್ಟೆ ಅದು. 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ. ಅದರಲ್ಲಿ ಹಾಡಿನ ಬದಲು ಡೇಟಾ ತುಂಬಿದರೆ 650 ಎಂಬಿ ಹಿಡಿಯುತ್ತೆ, ಅಂದರೆ ಸುಮಾರು 450 ಫ್ಲಾಪಿ. ಒಂದು ಗಾಡಿ ತೆಂಗಿನಕಾಯಿ ಒಂದು ಕೈಚೀಲದಲ್ಲಿ ಹಿಡಿಸಿದ ಹಾಗೆ.

ಆದರೆ ಆ ತಟ್ಟೆಯ ಮೇಲೆ ಫೈಲುಗಳನ್ನು ಹೇಗೆ ಜೋಡಿಸೋದು ಅನ್ನೋದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. 1985ರಲ್ಲಿ ಕಂಪನಿಗಳ ಪ್ರತಿನಿಧಿಗಳು ಅಮೆರಿಕದ ನೆವಾಡಾ ರಾಜ್ಯದಲ್ಲಿ, ಲೇಕ್ ತಾಹೋ ಸರೋವರದ ಹತ್ತಿರ ಹೈ ಸಿಯೆರಾ ಅನ್ನೋ ಹೋಟೆಲಿನಲ್ಲಿ ಕೂತು ಒಂದು ಒಪ್ಪಂದಕ್ಕೆ ಬಂದರು. ಅದೇ ಸ್ವಲ್ಪ ಬದಲಾಗಿ 1988ರಲ್ಲಿ ಐಎಸ್‌ಒ 9660 ಅನ್ನೋ ಅಂತರರಾಷ್ಟ್ರೀಯ ಮಾನಕವಾಯಿತು. ನಾವು ಇವತ್ತಿಗೂ 'ಐಎಸ್‌ಒ ಫೈಲ್ ಡೌನ್‌ಲೋಡ್ ಮಾಡು' ಅಂತೀವಲ್ಲ, ಆ ಹೆಸರು ಬಂದಿದ್ದು ಇಲ್ಲಿಂದ. ಸೀಡಿಯ ಮೇಲೆ ಇರೋದನ್ನೆಲ್ಲ ಸೆಕ್ಟರಿಗೆ ಸೆಕ್ಟರ್ ಹಾಗೇ ಎತ್ತಿ ಒಂದೇ ಫೈಲಿನಲ್ಲಿ ಇಟ್ಟರೆ ಅದು ಐಎಸ್‌ಒ. ತಟ್ಟೆ ಮಾಯವಾದ ಮೇಲೂ ಅದರ ನೆರಳು ಉಳಿದಿದೆ.

ಇನ್ನೊಂದು ತೊಡಕಿತ್ತು. ಕಂಪ್ಯೂಟರ್ ಶುರುವಾಗುವಾಗಲೇ ಸೀಡಿಯಿಂದ ಎದ್ದು ನಿಲ್ಲಬೇಕು, ಅಂದರೆ ಬೂಟ್ ಆಗಬೇಕು. ಹಳೆಯ ಬಯೋಸ್‌ಗೆ ಸೀಡಿ ಅನ್ನೋ ಜಂತುವೇ ಗೊತ್ತಿರಲಿಲ್ಲ, ಅದು ಕಂಡಿದ್ದು ಫ್ಲಾಪಿ ಮತ್ತು ಹಾರ್ಡ್‌ಡಿಸ್ಕ್ ಮಾತ್ರ. 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಎಂಜಿನಿಯರುಗಳು ಒಂದು ಉಪಾಯ ಮಾಡಿದರು. ಸೀಡಿಯೊಳಗೆ ಒಂದು ಫ್ಲಾಪಿಯ ಪಡಿಯಚ್ಚನ್ನು ಅಡಗಿಸಿಟ್ಟು, 'ನಾನು ಫ್ಲಾಪಿ ಕಣಪ್ಪ' ಅಂತ ಬಯೋಸ್‌ಗೆ ನಂಬಿಸೋದು. ಈ ವಿಧಾನಕ್ಕೆ ಎಲ್ ಟೊರಿಟೊ ಅಂತ ಹೆಸರು. ಕ್ಯಾಲಿಫೋರ್ನಿಯಾದ ಅರ್ವೈನ್ ಊರಿನ ಒಂದು ಮೆಕ್ಸಿಕನ್ ಊಟದ ಹೋಟೆಲಿನ ಹೆಸರು ಅದು. ಅಲ್ಲೇ ಊಟಕ್ಕೆ ಕೂತು ಇದರ ರೂಪುರೇಷೆ ಮಾಡಿದರಂತೆ. ಸೀಡಿಯ ಎರಡು ದೊಡ್ಡ ಮಾನಕಗಳಿಗೂ ಹೋಟೆಲಿನ ಹೆಸರೇ ಇರೋದು ನೋಡಿ. ನಮ್ಮ ಕಡೆಯವರು ಮಾಡಿದ್ದರೆ ದರ್ಶಿನಿಯ ಹೆಸರು ಬೀಳ್ತಿತ್ತು.

ಈ ಎಲ್ ಟೊರಿಟೊ ಕಥೆಯನ್ನು ಯಾಕೆ ಇಷ್ಟು ಎಳೆದೆ ಅಂದರೆ, ಮುಂದೆ ಬಾಗಿಲು ಹೋದಾಗ ಮಾಡಿದ ಉಪಾಯಗಳೂ ಬಹುತೇಕ ಇದೇ ಜಾತಿಯವು. ಇಲ್ಲದ ಒಂದು ಸಾಧನ ಇದೆ ಅಂತ ಕಂಪ್ಯೂಟರಿಗೆ ನಂಬಿಸೋದು.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ಮಾತು ಹೇಳಲೇಬೇಕು. ಆ ಕಾಲದಲ್ಲಿ ಸೀಡಿ ಅಂದರೆ ಬರೀ ಸಾಫ್ಟ್‌ವೇರ್ ತುಂಬಿದ ತಟ್ಟೆ ಆಗಿರಲಿಲ್ಲ, ಅದೇ ನಮ್ಮ ಇಂಟರ್ನೆಟ್. ಡಿಜಿಟ್, ಪಿಸಿ ಕ್ವೆಸ್ಟ್ ಥರದ ಪತ್ರಿಕೆ ಕೊಂಡರೆ ಜೊತೆಗೆ ಸೀಡಿ ಬರ್ತಿತ್ತು. ಹಾಸ್ಟೆಲಿನಲ್ಲಿ ಒಬ್ಬ ಕೊಂಡರೆ ಒಂದು ಫ್ಲೋರಿಗೆ ಸಾಕು. ಉಬುಂಟುವಿನ ಕಂಪನಿ ಕ್ಯಾನೊನಿಕಲ್ 2005ರಿಂದ 2011ರವರೆಗೆ ಕೇಳಿದವರಿಗೆಲ್ಲ ಪುಕ್ಕಟೆಯಾಗಿ ಸೀಡಿಯನ್ನು ಪೋಸ್ಟಿನಲ್ಲಿ ಕಳಿಸ್ತಿತ್ತು. ನಮ್ಮೂರಿಗೂ ಒಂದು ಬಂತು. ಪೋಸ್ಟ್‌ಮ್ಯಾನ್ ಅದನ್ನು ನಮ್ಮಜ್ಜಿಯ ಕೈಗೆ ಕೊಟ್ಟು 'ಫಾರಿನ್ನಿಂದ ಬಂದೈತೆ, ಜೋಪಾನ' ಅಂದಿದ್ದನಂತೆ. ಅಜ್ಜಿ ದೇವರ ಗೂಡಿನಲ್ಲಿ ಇಟ್ಟಿದ್ದರು.

ಇನ್ನು ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್? ಅದು ಅಪರೂಪ ಬಿಡಿ. ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಜೋಡಿಸಿಕೊಂಡರೆ ಎಲ್ಲವೂ 'ಹಾಕ್ಕೊಟ್ಟು' ಬರ್ತಿತ್ತು, ಯಾವುದಕ್ಕೂ ರಸೀದಿ ಇರ್ತಿರಲಿಲ್ಲ. ಹಾಗಾಗಿ ಯಾರಾದರೂ ನಿಜವಾಗಿ ಡಬ್ಬ ಕೊಂಡಿದ್ದರೆ ಅದನ್ನು ಪಹಣಿ, ಕ್ರಯಪತ್ರ ಇಡೋ ಕಡೆಯೇ ಇಡೋರು. ಡಬ್ಬದೊಳಗೆ ತಟ್ಟೆ, ತಟ್ಟೆಯ ಕವರಿನ ಹಿಂದೆ 25 ಅಕ್ಷರದ ಕೀ. ಅವೆರಡಿದ್ದರೆ ಸಾಫ್ಟ್‌ವೇರ್ ನಿಮ್ಮದು ಅಂತ ಎಲ್ಲರ ನಂಬಿಕೆ. ಕಾನೂನು ಏನು ಹೇಳ್ತಿತ್ತು ಅನ್ನೋದು ಬೇರೆ ವಿಷಯ, ಅದಕ್ಕೆ ಆಮೇಲೆ ಬರ್ತೀನಿ.

ಬಾಗಿಲು ಮುಚ್ಚೋಕೆ ಶುರುವಾಗಿದ್ದು 2007ರ ಕೊನೆಯಲ್ಲಿ. ಆ ಅಕ್ಟೋಬರಿನಲ್ಲಿ ಏಸಸ್ ಕಂಪನಿ ಈ ಪಿಸಿ ಅನ್ನೋ ಪುಟಾಣಿ ಲ್ಯಾಪ್‌ಟಾಪ್ ತಂತು. ಏಳಿಂಚಿನ ಪರದೆ, ಲಿನಕ್ಸ್, 4 ಜಿಬಿ ಜಾಗ. ಅಷ್ಟು ಚಿಕ್ಕದರಲ್ಲಿ 12 ಸೆಂಟಿಮೀಟರಿನ ತಟ್ಟೆ ಎಲ್ಲಿ ತುರುಕೋದು? ಬಿಟ್ಟರು. ಅದು ಬಡವರ ಲ್ಯಾಪ್‌ಟಾಪ್ ಅಂತ ಯಾರೂ ದೊಡ್ಡದಾಗಿ ಮಾತಾಡಲಿಲ್ಲ. ಮೂರು ತಿಂಗಳಿಗೆ, 2008ರ ಜನವರಿ 15ರಂದು, ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಆಫೀಸು ಕಾಗದದ ಕವರಿನಿಂದ ಮ್ಯಾಕ್‌ಬುಕ್ ಏರ್ ಎಳೆದು ತೋರಿಸಿದರು. ಅತಿ ತೆಳುವಾದ ಕಡೆ 4 ಮಿಲಿಮೀಟರ್, ಅತಿ ದಪ್ಪದ ಕಡೆ 1.94 ಸೆಂಟಿಮೀಟರ್. ಲ್ಯಾಪ್‌ಟಾಪಿನ ಸೀಡಿ ಡ್ರೈವ್ ಸಾಮಾನ್ಯವಾಗಿ 12.7 ಮಿಲಿಮೀಟರ್ ದಪ್ಪ, ತೆಳು ಮಾದರಿಯಾದರೂ 9.5. ಪರದೆ, ಕೀಬೋರ್ಡು ಎಲ್ಲ ಸೇರಿ ಎರಡು ಸೆಂಟಿಮೀಟರ್ ಒಳಗೆ ಮುಗಿಯಬೇಕಾದರೆ ಯಾರು ಮನೆ ಬಿಡಬೇಕು ಅನ್ನೋದಕ್ಕೆ ಪಂಚಾಯಿತಿ ಬೇಕಿಲ್ಲ.

ಬೆಲೆಯ ತಮಾಷೆ ನೋಡಿ. ಬಾಗಿಲಿಲ್ಲದ ಲ್ಯಾಪ್‌ಟಾಪಿಗೆ 1,799 ಡಾಲರ್. ಬಾಗಿಲು ಬೇಕೇ ಬೇಕು ಅಂದರೆ ಹೊರಗಿನಿಂದ ಚುಚ್ಚೋ ಸೂಪರ್‌ಡ್ರೈವ್‌ಗೆ ಮೇಲೆ 99 ಡಾಲರ್. ಅದನ್ನು ಚುಚ್ಚೋಕೆ ಇದ್ದಿದ್ದು ಒಂದೇ ಯುಎಸ್‌ಬಿ ಕಿಂಡಿ.

ಡ್ರೈವ್ ಕೊಳ್ಳದವರಿಗೆ ಆಪಲ್ ಕೊಟ್ಟ ಪರಿಹಾರದ ಹೆಸರು ರಿಮೋಟ್ ಡಿಸ್ಕ್. ನನಗೆ ಇದು ಬಹಳ ಇಷ್ಟದ ಐಡಿಯಾ, ಯಾಕಂದರೆ ಇದು ಹಳ್ಳಿಯ ಬುದ್ಧಿ. ನಿಮ್ಮ ಮನೇಲಿ ಒರಳಿಲ್ಲ, ಪಕ್ಕದ ಮನೇಲಿದೆ, ಹೋಗಿ ರುಬ್ಬಿಕೊಂಡು ಬನ್ನಿ. ಮನೆಯಲ್ಲಿರೋ ಇನ್ನೊಂದು ಮ್ಯಾಕ್ ಅಥವಾ ವಿಂಡೋಸ್ ಕಂಪ್ಯೂಟರಿನಲ್ಲಿ ಆಪಲ್‌ನ ಒಂದು ಸಣ್ಣ ತಂತ್ರಾಂಶ ಹಾಕಿದರೆ, ಅದರ ಡ್ರೈವಿನಲ್ಲಿಟ್ಟ ಸೀಡಿ ವೈಫೈ ಮೂಲಕ ನಿಮ್ಮ ಏರ್‌ನ ಪರದೆಯ ಮೇಲೆ ಕಾಣಿಸಿಕೊಳ್ತಿತ್ತು. ಕೊಂಡ ಸಾಫ್ಟ್‌ವೇರನ್ನು ಅಲ್ಲಿಂದಲೇ ಇನ್‌ಸ್ಟಾಲ್ ಮಾಡಬಹುದು. ಆಪರೇಟಿಂಗ್ ಸಿಸ್ಟಮ್ಮನ್ನೇ ಹಾಗೆ ಹಾಕಿಕೊಳ್ಳೋ ವ್ಯವಸ್ಥೆಯೂ ಇತ್ತು. ಆದರೆ ಕೆಲವು ತಟ್ಟೆಗಳು ಈ ಪಕ್ಕದ ಮನೆಯ ಲೆಕ್ಕಕ್ಕೆ ಒಗ್ಗಲಿಲ್ಲ. ಸಿನಿಮಾ ಡಿವಿಡಿ ಓಡಲ್ಲ, ಹಾಡಿನ ಸೀಡಿ ಓಡಲ್ಲ, ಕಾಪಿ ಪ್ರೊಟೆಕ್ಷನ್ ಇರೋ ಆಟಗಳೂ ಆಗಲ್ಲ.

ಕಾಪಿ ಪ್ರೊಟೆಕ್ಷನ್ನಿನ ಕಥೆ ಇನ್ನೂ ಸ್ವಾರಸ್ಯ. ಸೇಫ್‌ಡಿಸ್ಕ್, ಸೆಕ್ಯುರಾಮ್ ಅಂತ ಕಾವಲುಗಾರರಿದ್ದರು. ತಟ್ಟೆ ಅಚ್ಚು ಹಾಕುವಾಗಲೇ ಬೇಕೆಂತಲೇ ಕೆಲವು ವಿಚಿತ್ರ ಗುರುತುಗಳನ್ನು ಬಿಡೋರು. ಸಾಮಾನ್ಯವಾಗಿ ನಕಲು ಮಾಡಿದರೆ ಆ ಗುರುತು ನಕಲಿಗೆ ಬರಲ್ಲ. ಆಟ ಶುರುವಾಗುವಾಗ ಡ್ರೈವನ್ನು ಕೇಳುತ್ತೆ, ಗುರುತು ಇದೆಯಾ? ಇಲ್ಲ ಅಂದರೆ ಬಾಗಿಲು ತೆಗೆಯಲ್ಲ. ಹಾಗಾಗಿ ದುಡ್ಡು ಕೊಟ್ಟ ತಟ್ಟೆಯ ಐಎಸ್‌ಒ ಮಾಡಿ ಹೊಸ ಲ್ಯಾಪ್‌ಟಾಪಿಗೆ ತಂದವನಿಗೆ ಇದು ಕೈ ಕೊಡ್ತಿತ್ತು. ಕದ್ದ ಪ್ರತಿ ಹಾಕಿಕೊಂಡವನಿಗೆ ಆ ಕಾವಲನ್ನೇ ಕಿತ್ತು ಹಾಕಿದ ಪ್ರತಿ ಸಿಕ್ಕಿರ್ತಿತ್ತು, ಅವನು ಆರಾಮ. ಕೊನೆಗೆ 2015ರಲ್ಲಿ ಬಂದ ವಿಂಡೋಸ್ 10, ಭದ್ರತೆಯ ಕಾರಣ ಕೊಟ್ಟು, ಈ ಕಾವಲುಗಾರರ ಡ್ರೈವರನ್ನೇ ಹೊರಗಿಟ್ಟಿತು. ಅಲ್ಲಿಂದಾಚೆಗೆ ಅಸಲಿ ತಟ್ಟೆ, ಅಸಲಿ ಡ್ರೈವ್ ಎರಡೂ ಇದ್ದರೂ ಆ ಹಳೆಯ ಆಟಗಳು ಹಾಗೇ ಓಡೋದಿಲ್ಲ. ಬೀಗ ಹಾಕಿದವರು ಕೀಲಿಕೈ ಸಮೇತ ಊರು ಬಿಟ್ಟ ಹಾಗಾಯಿತು.

ವಿಂಡೋಸ್ ಕಡೆ ಬಿಸಿ ಮುಟ್ಟಿದ್ದು 2009ರಲ್ಲಿ. ಏಸಸ್ ಹಾಕಿದ ದಾರಿಯಲ್ಲಿ ಎಲ್ಲ ಕಂಪನಿಗಳೂ ನೆಟ್‌ಬುಕ್ ಮಾರ್ತಿದ್ದವು. ಅವುಗಳಲ್ಲಿ ಎಕ್ಸ್‌ಪಿ ಇತ್ತು, ಡ್ರೈವ್ ಇರಲಿಲ್ಲ. ಅಕ್ಟೋಬರಿನಲ್ಲಿ ವಿಂಡೋಸ್ 7 ಬಂತು. ಕೊಂಡರೆ ಡಿವಿಡಿ ಕೊಡ್ತಾರೆ, ಅದನ್ನು ಎಲ್ಲಿಗೆ ಹಾಕೋದು? ಮೈಕ್ರೋಸಾಫ್ಟ್ ತನ್ನ ಆನ್‌ಲೈನ್ ಅಂಗಡಿಯಲ್ಲಿ ಕೊಂಡವರಿಗೆ ಐಎಸ್‌ಒ ಫೈಲ್ ಕೊಟ್ಟು, ಅದನ್ನು ಪೆನ್‌ಡ್ರೈವಿಗೆ ಹಾಕಿ ಬೂಟ್ ಆಗೋ ಹಾಗೆ ಮಾಡೋ ಒಂದು ಪುಟ್ಟ ಟೂಲ್ ಬಿಟ್ಟಿತು. ವಿಂಡೋಸ್ 7 ಯುಎಸ್‌ಬಿ/ಡಿವಿಡಿ ಡೌನ್‌ಲೋಡ್ ಟೂಲ್ ಅಂತ ಹೆಸರು. ಉದ್ದ ಜಾಸ್ತಿ, ಕೆಲಸ ಸಣ್ಣದು.

ನವೆಂಬರಿನಲ್ಲಿ ರಫಾಯೆಲ್ ರಿವೆರಾ ಅನ್ನೋ ಬ್ಲಾಗರ್ ಈ ಟೂಲಿನ ಹೊಟ್ಟೆ ಬಗೆದು ನೋಡಿದ. ಒಳಗಿದ್ದ ಕೋಡು ಇಮೇಜ್‌ಮಾಸ್ಟರ್ ಅನ್ನೋ ಮುಕ್ತ ತಂತ್ರಾಂಶದ್ದು, ಜಿಪಿಎಲ್ ಲೈಸೆನ್ಸಿನದು. ಆ ಲೈಸೆನ್ಸಿನ ನಿಯಮ ಸರಳ: ನನ್ನ ಕೋಡು ಬಳಸಿ ಹಂಚಿದರೆ ನಿನ್ನ ಕೋಡನ್ನೂ ತೆರೆದಿಡಬೇಕು. ಮೈಕ್ರೋಸಾಫ್ಟ್ ಟೂಲನ್ನು ಹಿಂದಕ್ಕೆ ತಗೊಂಡಿತು, ಹೊರಗಿನ ಗುತ್ತಿಗೆದಾರರು ಬರೆದಿದ್ದು, ನಾವು ಪರಿಶೀಲನೆಯಲ್ಲಿ ಗಮನಿಸಲಿಲ್ಲ ಅಂತ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಜಿಪಿಎಲ್ ಅಡಿಯಲ್ಲೇ ಕೋಡಿನ ಸಮೇತ ಮತ್ತೆ ಬಿಡುಗಡೆ ಮಾಡಿತು. ದುಡ್ಡು ಕೊಟ್ಟು ಕೊಂಡ ವಿಂಡೋಸನ್ನು ಹಾಕಿಕೊಳ್ಳೋಕೆ ಮುಕ್ತ ತಂತ್ರಾಂಶದ ಹೆಗಲು ಬೇಕಾಯಿತು. ನಮ್ಮಂಥ ಎಂಜಿನಿಯರುಗಳು ಆ ತಿಂಗಳು ಕ್ಯಾಂಟೀನಿನಲ್ಲಿ ಬೇರೆ ಯಾವ ಗಾಸಿಪ್ಪೂ ಮಾತಾಡಲಿಲ್ಲ.

ಪೆನ್‌ಡ್ರೈವ್ ದಾರಿಯೂ ರಾಜಮಾರ್ಗ ಏನಲ್ಲ. ಹೊಸ ಲ್ಯಾಪ್‌ಟಾಪುಗಳ ಯುಇಎಫ್‌ಐ ಸಾಮಾನ್ಯವಾಗಿ ಫ್ಯಾಟ್32 ಮಾದರಿಯ ಪೆನ್‌ಡ್ರೈವಿನಿಂದ ಬೂಟ್ ಆಗುತ್ತೆ, ಫ್ಯಾಟ್32ನಲ್ಲಿ ಒಂದು ಫೈಲು 4 ಜಿಬಿ ದಾಟೋ ಹಾಗಿಲ್ಲ. ವಿಂಡೋಸಿನ ಮುಖ್ಯ ಫೈಲು ವರ್ಷದಿಂದ ವರ್ಷಕ್ಕೆ ಊದಿಕೊಂಡು ಅದನ್ನೂ ದಾಟಿತು. ಪೀಟ್ ಬಟಾರ್ ಅನ್ನೋ ಡೆವಲಪರ್ 2011ರಲ್ಲಿ ಶುರುಮಾಡಿದ ರೂಫಸ್ ಅನ್ನೋ ಉಚಿತ ಟೂಲ್ ಇಂಥ ಇಕ್ಕಟ್ಟುಗಳನ್ನೆಲ್ಲ ಸದ್ದಿಲ್ಲದೆ ಬಿಡಿಸ್ತಾ ಬಂದಿದೆ. ನನ್ನ ಕೇಳಿದರೆ ಆ ಮನುಷ್ಯನಿಗೊಂದು ಸನ್ಮಾನ ಆಗಬೇಕು, ಶಾಲು ಹೊದಿಸಿ, ಫಲ ತಾಂಬೂಲ ಕೊಟ್ಟು.

ಇನ್ನೊಂದು ಎರರ್ ಮೆಸೇಜ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ವಿಂಡೋಸ್ 7ಗೆ ಯುಎಸ್‌ಬಿ 3.0 ಡ್ರೈವರ್ ಹುಟ್ಟಿನಿಂದ ಇರಲಿಲ್ಲ. ಹಾಗಾಗಿ ಪೆನ್‌ಡ್ರೈವನ್ನು ನೀಲಿ ಬಣ್ಣದ ಹೊಸ ಕಿಂಡಿಗೆ ಚುಚ್ಚಿದರೆ, ಬೂಟ್ ಏನೋ ಆಗುತ್ತೆ, ಆಮೇಲೆ ಇನ್‌ಸ್ಟಾಲರಿಗೆ ತಾನು ಬಂದ ದಾರಿಯೇ ಕಾಣಲ್ಲ. ಆಗ ಅದು ಪರದೆಯ ಮೇಲೆ ಹೇಳುತ್ತೆ, ಸೀಡಿ/ಡಿವಿಡಿ ಡ್ರೈವಿನ ಡ್ರೈವರ್ ಸಿಗ್ತಿಲ್ಲ, ದಯವಿಟ್ಟು ಕೊಡಿ ಅಂತ. ಡ್ರೈವೇ ಇಲ್ಲದ ಲ್ಯಾಪ್‌ಟಾಪಿನಲ್ಲಿ, ತಟ್ಟೆಯೇ ಇಲ್ಲದ ಇನ್‌ಸ್ಟಾಲೇಶನ್ನಿನಲ್ಲಿ! ಅದರ ತಲೆಯೊಳಗೆ 'ನಾನು ಬಂದಿದ್ದು ತಟ್ಟೆಯಿಂದಲೇ' ಅಂತ ಗಟ್ಟಿಯಾಗಿ ಕೂತುಬಿಟ್ಟಿದೆ. ಎಷ್ಟೋ ಜನ ಇದನ್ನು ನಂಬಿ ಇಲ್ಲದ ಡ್ರೈವರನ್ನು ರಾತ್ರಿಯೆಲ್ಲ ಹುಡುಕಿದ್ದಾರೆ. ಪೆನ್‌ಡ್ರೈವನ್ನು ಹಳೆಯ ಯುಎಸ್‌ಬಿ 2 ಕಿಂಡಿಗೆ ಬದಲಾಯಿಸಿದರೆ ಮುಗೀತಿತ್ತು, ಆ ಕಿಂಡಿ ಇದ್ದರೆ.

ಇಷ್ಟರಲ್ಲಿ ಡಬ್ಬಗಳೂ ಖಾಲಿಯಾಗ್ತಾ ಬಂದವು. ಆಪಲ್ 2010ರ ಏರ್ ಜೊತೆ ಸಾಫ್ಟ್‌ವೇರ್ ತುಂಬಿದ ಒಂದು ಪುಟ್ಟ ಯುಎಸ್‌ಬಿ ಕಡ್ಡಿ ಕೊಟ್ಟಿತು. 2011ರ ಜುಲೈನಲ್ಲಿ ಬಂದ ಲಯನ್ ಆವೃತ್ತಿಯನ್ನು ತಟ್ಟೆಯಲ್ಲಿ ಮಾರಲೇ ಇಲ್ಲ. ಆ್ಯಪ್ ಸ್ಟೋರಿನಲ್ಲಿ ಡೌನ್‌ಲೋಡ್ ಮಾಡಿಕೊಂಡರೆ 29.99 ಡಾಲರ್. ಡೌನ್‌ಲೋಡ್ ಮಾಡಲಾರೆ, ಕೈಗೆ ಸಿಗೋ ವಸ್ತುವೇ ಬೇಕು ಅಂದವರಿಗೆ ಆಗಸ್ಟಿನಲ್ಲಿ ಯುಎಸ್‌ಬಿ ಕಡ್ಡಿಯಲ್ಲಿ ಕೊಟ್ಟರು, 69 ಡಾಲರಿಗೆ. ಲಯನ್ ಗಾತ್ರ ಸುಮಾರು 4 ಜಿಬಿ. ಆಗ ನಮ್ಮ ದೇಶದಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದನ್ನು ಬ್ರಾಡ್‌ಬ್ಯಾಂಡ್ ಅಂತ ಕರೆಯಬಹುದು ಅನ್ನೋದು ಸರ್ಕಾರದ ವ್ಯಾಖ್ಯಾನ. ಆ ವೇಗದಲ್ಲಿ ಲೆಕ್ಕ ಹಾಕಿದರೆ 4 ಜಿಬಿ ಇಳಿಯೋಕೆ ಸುಮಾರು 35 ಗಂಟೆ, ಅದೂ ಒಂದು ಸಲವೂ ಕರೆಂಟ್ ಹೋಗದಿದ್ದರೆ. ನಮ್ಮ ತಾಲ್ಲೂಕಿನಲ್ಲಿ 35 ಗಂಟೆ ಕರೆಂಟ್ ಹೋಗದೆ ಇದ್ದದ್ದು ಯಾವಾಗ ಅಂತ ಊರಿನ ಹಿರಿಯರನ್ನು ಕೇಳಬೇಕು. ಬಾಗಿಲು ಮುಚ್ಚಿದ ಊರಿನಲ್ಲಿ ಹೊಸ ರಸ್ತೆ ಆಗಲೇ ಆಗಿತ್ತು. ನಮ್ಮೂರಲ್ಲಿ ರಸ್ತೆ ಆಗೋಕೆ ಮುಂಚೆಯೇ ಬಾಗಿಲು ಮುಚ್ಚಿತು.

ಮೈಕ್ರೋಸಾಫ್ಟ್ ಆಫೀಸ್ 2010ಕ್ಕೆ ಕೀ ಕಾರ್ಡ್ ಅಂತ ಒಂದು ಬಂತು. ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಒಂದು ರಟ್ಟು, ಅದರಲ್ಲಿ 25 ಅಕ್ಷರ. ತಟ್ಟೆ ಇಲ್ಲ. ಆಫೀಸ್ 2013ರ ಹೊತ್ತಿಗೆ ಹೆಚ್ಚಿನ ಕಡೆ ಅದೇ ರೂಢಿಯಾಯಿತು, ಆದರೆ ಲೈಸೆನ್ಸಿನ ಸಣ್ಣಕ್ಷರದಲ್ಲಿ ಒಂದು ಹೊಸ ಸಾಲು ಸೇರಿಕೊಂಡಿತ್ತು. ಈ ಪ್ರತಿ ಮೊದಲು ಹಾಕಿದ ಕಂಪ್ಯೂಟರಿಗೆ ಮಾತ್ರ, ಬೇರೆಯದಕ್ಕೆ ವರ್ಗಾಯಿಸೋ ಹಾಗಿಲ್ಲ. ಲ್ಯಾಪ್‌ಟಾಪ್ ಸತ್ತರೆ ಸಾಫ್ಟ್‌ವೇರೂ ಸಹಗಮನ. ಜನ ಗಲಾಟೆ ಮಾಡಿದರು, 2013ರ ಮಾರ್ಚಿನಲ್ಲಿ ಕಂಪನಿ ಆ ನಿಯಮ ಸಡಿಲಿಸಿ ವರ್ಗಾವಣೆಗೆ ಒಪ್ಪಿತು. ಅದೇ ವರ್ಷ ಮೇ ತಿಂಗಳಲ್ಲಿ ಅಡೋಬಿ, ಇನ್ನು ಮುಂದೆ ಹೊಸ ಆವೃತ್ತಿಗಳಿಗೆ ಬಾಡಿಗೆ ಮಾತ್ರ, ಮಾರಾಟ ಇಲ್ಲ ಅಂತ ಘೋಷಿಸಿತು.

ಅಲ್ಲಿಗೆ ಪ್ರಶ್ನೆ ತಿರುಗಿತು. 'ಈ ತಟ್ಟೆಯನ್ನು ಎಲ್ಲಿಗೆ ಹಾಕಲಿ' ಅಂತ ಶುರುವಾಗಿದ್ದು 'ನಾನು ಕೊಂಡಿದ್ದಾದರೂ ಏನನ್ನು' ಅನ್ನೋ ಕಡೆ ಬಂದು ನಿಂತಿತು.

ನ್ಯಾಯಾಲಯಗಳಲ್ಲಿ ಈ ಪ್ರಶ್ನೆ ಮೊದಲೇ ಎದ್ದಿತ್ತು. ನಮ್ಮ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2004ರ ನವೆಂಬರ್ 5ರಂದು ಟಿಸಿಎಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಮಾರಾಟ ತೆರಿಗೆ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮುಂದೆ ನಮ್ಮ ಲೋಕಾಯುಕ್ತರಾದ ಸಂತೋಷ್ ಹೆಗ್ಡೆ ಅವರೂ ಆ ಪೀಠದಲ್ಲಿದ್ದರು. ಕಂಪನಿಯ ವಾದ, ಸಾಫ್ಟ್‌ವೇರ್ ಅನ್ನೋದು ಬುದ್ಧಿಯ ಸೃಷ್ಟಿ, ಮುಟ್ಟೋಕೆ ಆಗಲ್ಲ, ಅದು ಸರಕಲ್ಲ. ಕೋರ್ಟು ಹೇಳಿದ್ದು, ಪುಸ್ತಕದ ಹಾಗೆ ಅದು ಒಂದು ಮಾಧ್ಯಮಕ್ಕೆ ಇಳಿದು ಮಾರುಕಟ್ಟೆಗೆ ಬಂದ ಮೇಲೆ ಸರಕೇ, ತೆರಿಗೆ ಕಟ್ಟಿ. ಅಂದರೆ ಅಂಗಡಿಯಲ್ಲಿ ಡಬ್ಬ ಕೊಂಡವನು ಒಂದು ವಸ್ತುವನ್ನು ಕೊಂಡ ಅಂತ, ಕನಿಷ್ಠ ತೆರಿಗೆಯ ಕಣ್ಣಲ್ಲಿ.

ಅಮೆರಿಕದಲ್ಲಿ ಬೇರೆ ಗಾಳಿ ಬೀಸಿತು. ಟಿಮೊಥಿ ವೆರ್ನರ್ ಅನ್ನೋನು ಒಂದು ಆರ್ಕಿಟೆಕ್ಟ್ ಕಚೇರಿ ಮಾರಿದ ಹಳೆಯ ಆಟೊಕ್ಯಾಡ್ ಡಬ್ಬಗಳನ್ನು ಕೊಂಡು ಇಬೇಯಲ್ಲಿ ಮಾರೋಕೆ ಹೊರಟ. ಅಸಲಿ ತಟ್ಟೆಗಳೇ. ಆಟೊಡೆಸ್ಕ್ ತಡೆಯಿತು. ಕೆಳಗಿನ ಕೋರ್ಟು ವೆರ್ನರ್ ಪರ ನಿಂತಿತು, ಆದರೆ 2010ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ, ಆ ಕಚೇರಿ ಮೊದಲಿಗೇ ಮಾಲೀಕನಲ್ಲ, ಬರೀ ಲೈಸೆನ್ಸುದಾರ, ಅದಕ್ಕೇ ಮಾರೋ ಹಕ್ಕಿರಲಿಲ್ಲ ಅಂದಿತು. ಎರಡು ವರ್ಷದ ಮೇಲೆ, 2012ರ ಜುಲೈ 3ರಂದು, ಯುರೋಪಿನ ನ್ಯಾಯಾಲಯ ಒರೇಕಲ್ ಮತ್ತು ಯೂಸ್ಡ್‌ಸಾಫ್ಟ್ ಪ್ರಕರಣದಲ್ಲಿ ಹೆಚ್ಚುಕಡಿಮೆ ಉಲ್ಟಾ ಹೇಳಿತು. ಕಾಲಮಿತಿ ಇಲ್ಲದ ಲೈಸೆನ್ಸನ್ನು ದುಡ್ಡಿಗೆ ಕೊಟ್ಟಿದ್ದರೆ ಅದು ಮಾರಾಟವೇ. ತಟ್ಟೆಯಲ್ಲಿ ಬರಲಿ, ಡೌನ್‌ಲೋಡಿನಲ್ಲಿ ಬರಲಿ, ಕೊಂಡವನು ತನ್ನ ಪ್ರತಿ ಅಳಿಸಿ ಇನ್ನೊಬ್ಬನಿಗೆ ಮಾರಬಹುದು.

ಬೆಂಗಳೂರಿಗೂ ಇದರಲ್ಲಿ ಪಾಲಿದೆ. ವಿದೇಶದಿಂದ ಸಾಫ್ಟ್‌ವೇರ್ ತರಿಸಿಕೊಂಡು ಕೊಟ್ಟ ದುಡ್ಡು ಸರಕಿನ ಬೆಲೆಯೋ, ಕೃತಿಸ್ವಾಮ್ಯದ ರಾಯಲ್ಟಿಯೋ ಅನ್ನೋ ಜಗಳದಲ್ಲಿ ಕರ್ನಾಟಕ ಹೈಕೋರ್ಟ್ 2011ರಲ್ಲಿ ಸ್ಯಾಮ್‌ಸಂಗ್ ಪ್ರಕರಣದಲ್ಲಿ ರಾಯಲ್ಟಿ ಅಂತ ತೀರ್ಪು ಕೊಟ್ಟಿತು. ಹತ್ತು ವರ್ಷ ಎಳೆದಾಡಿ, 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಆ ನಿಲುವನ್ನು ಒಪ್ಪಲಿಲ್ಲ. ಒಂದು ಪ್ರತಿ ಕೊಳ್ಳೋದು ಬೇರೆ, ಅದರ ಕೃತಿಸ್ವಾಮ್ಯ ಕೊಳ್ಳೋದು ಬೇರೆ, ಇಲ್ಲಿ ಕೊಂಡಿದ್ದು ಪ್ರತಿಯನ್ನು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52(1)(ಎಎ) ಕಲಮಿನಲ್ಲಿ ಇನ್ನೂ ಒಂದು ಉಪಯೋಗದ ಮಾತಿದೆ. ನ್ಯಾಯವಾಗಿ ಪ್ರತಿ ಹೊಂದಿರೋನು ಅದು ಕಳೆದುಹೋದೀತು, ಹಾಳಾದೀತು ಅಂತ ಬ್ಯಾಕಪ್ ಮಾಡಿಟ್ಟುಕೊಳ್ಳಬಹುದು. ನೀವು ಕೊಂಡ ತಟ್ಟೆಯ ಐಎಸ್‌ಒ ಮಾಡಿಕೊಳ್ಳೋಕೆ ಯಾರ ಭಯವೂ ಬೇಕಿಲ್ಲ.

ಆದರೆ ಬ್ಯಾಕಪ್ ಮಾಡೋಕೆ ಕಾನೂನು ಬಿಟ್ಟರೂ, ಬಳಸೋಕೆ ಇನ್ನೊಬ್ಬರ ಸರ್ವರ್ ಬಿಡಬೇಕು. ಅಡೋಬಿ ತನ್ನ ಸಿಎಸ್2 ಆವೃತ್ತಿಯ ಆಕ್ಟಿವೇಶನ್ ಸರ್ವರನ್ನು 2012ರ ಕೊನೆಯ ಹೊತ್ತಿಗೆ ನಿಲ್ಲಿಸಿದಾಗ, ಆಕ್ಟಿವೇಶನ್ ಕೇಳದ ಪ್ರತಿಯನ್ನೂ ಸೀರಿಯಲ್ ನಂಬರನ್ನೂ ಗ್ರಾಹಕರಿಗಾಗಿ ಹೊರಗಿಟ್ಟಿತು. ಅದು ಮರ್ಯಾದೆಯ ದಾರಿ ಅಂತಲೇ ನನ್ನ ಅಭಿಪ್ರಾಯ. ಎಲ್ಲರೂ ಹಾಗೆ ಮಾಡಲ್ಲ.

ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ, ತಾಲ್ಲೂಕು ಬಸ್‌ಸ್ಟ್ಯಾಂಡಿನ ಹಿಂದೆ ಡಿಟಿಪಿ ಸೆಂಟರ್ ಇಟ್ಟಿದ್ದಾನೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ವೈಕುಂಠ ಸಮಾರಾಧನೆಯ ಕಾರ್ಡು. 2009ರಲ್ಲಿ ಸಾಲ ಮಾಡಿ ಪುಟವಿನ್ಯಾಸದ ಒಂದು ಸಾಫ್ಟ್‌ವೇರನ್ನು ಡಬ್ಬದ ಸಮೇತ ಕೊಂಡಿದ್ದ. ನಮ್ಮ ಇಡೀ ಬಳಗದಲ್ಲಿ ಸಾಫ್ಟ್‌ವೇರಿಗೆ ದುಡ್ಡು ಕೊಟ್ಟ ಮೊದಲನೆಯವನು ಅವನೇ, ಸಾಫ್ಟ್‌ವೇರ್ ಎಂಜಿನಿಯರ್ ಆದ ನಾನಲ್ಲ. ಹತ್ತು ವರ್ಷ ಕಳೆದು ಡೆಸ್ಕ್‌ಟಾಪ್ ಪದೇ ಪದೇ ಆಫ್ ಆಗೋಕೆ ಶುರುವಾದಾಗ ಲ್ಯಾಪ್‌ಟಾಪ್ ತಗೊಂಡ. ಅದರಲ್ಲಿ ಬಾಗಿಲಿಲ್ಲ. ಫೋನ್ ಮಾಡಿದ, 'ಲೋ ತಮ್ಮ, ಇದಕ್ಕೆ ಸೀಡಿ ಎಲ್ಲಿಂದ ಹಾಕದೋ?'

ನಾನು ಊರಿಗೆ ಹೋಗುವಾಗ ಎಸ್.ಪಿ. ರೋಡಿನಿಂದ ಯುಎಸ್‌ಬಿ ಡಿವಿಡಿ ಡ್ರೈವ್ ಒಯ್ದೆ. ತಟ್ಟೆ ಹೊಸದರ ಹಾಗಿತ್ತು, ಒಂದು ಗೀರಿಲ್ಲ. ಮೊದಲು ಅದರ ಐಎಸ್‌ಒ ಮಾಡಿ ಎರಡು ಕಡೆ ಇಟ್ಟೆ. ಇನ್‌ಸ್ಟಾಲ್ ಹತ್ತೇ ನಿಮಿಷಕ್ಕೆ ಮುಗೀತು. ಕೀ ಹಾಕಿದೆವು, ಒಪ್ಪಿತು. ಆಮೇಲೆ ಆಕ್ಟಿವೇಟ್ ಮಾಡೋಕೆ ಸರ್ವರ್ ಹುಡುಕಿತು. ಆ ಸರ್ವರ್ ಇಲ್ಲ, ಯಾವಾಗಲೋ ನಿಲ್ಲಿಸಿದ್ದಾರೆ. ಫೋನಿನಲ್ಲಿ ಆಕ್ಟಿವೇಟ್ ಮಾಡೋ ನಂಬರ್ ಚಾಲ್ತಿಯಲ್ಲಿಲ್ಲ. ಮೇಲ್ ಬರೆದರೆ, ಆ ಆವೃತ್ತಿಗೆ ಈಗ ಬೆಂಬಲವಿಲ್ಲ, ತಿಂಗಳ ಚಂದಾ ಕಟ್ಟಿ ಹೊಸದನ್ನು ಬಳಸಿ ಅಂತ ಉತ್ತರ.

ಅಣ್ಣ ಡಬ್ಬದೊಳಗಿಂದ ರಸೀದಿ ತೆಗೆದು ಮೇಜಿನ ಮೇಲಿಟ್ಟ. 'ದುಡ್ಡು ಕೊಟ್ಟಿದೀನಲ್ಲೋ. ಬಿಲ್ಲೂ ಐತೆ. ಪಕ್ಕದ ಸೆಂಟರ್‌ನೋನು ಕದ್ದಿರದು ಹಾಕ್ಕಂಡು ಆರಾಮಾಗವ್ನೆ. ನಂದ್ಯಾಕೋ ಓಪನ್ ಆಗಲ್ಲ?'

ಅವನ ಹತ್ರ ಇರೋದು ಬರೀ ಸಾಫ್ಟ್‌ವೇರ್ ಅಲ್ಲ. ಯೂನಿಕೋಡ್ ಬಳಕೆಗೆ ಬರೋ ಮುಂಚಿನ ಕನ್ನಡ ಫಾಂಟಿನಲ್ಲಿ, ಆ ಸಾಫ್ಟ್‌ವೇರಿನದೇ ಸ್ವಂತ ಫೈಲ್ ಮಾದರಿಯಲ್ಲಿ, ಹತ್ತು ವರ್ಷದ ಕೆಲಸ. ಸುತ್ತಲ ಹಳ್ಳಿಗಳ ದೇವಸ್ಥಾನಗಳ ಜೀರ್ಣೋದ್ಧಾರದ ಲೆಕ್ಕ, ದಾನಿಗಳ ಪಟ್ಟಿ, ಶಾಲೆಯ ಸುವರ್ಣ ಮಹೋತ್ಸವದ ನೆನಪಿನ ಸಂಚಿಕೆ, ನಮ್ಮದೇ ವಂಶವೃಕ್ಷ. ಬೇರೆ ಯಾವುದರಲ್ಲಿ ತೆರೆದರೂ ಬರೀ ಚುಕ್ಕಿ, ಕೊಂಬು, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಕ್ಷರವನ್ನು ಯೂನಿಕೋಡಿಗೆ ತಿರುಗಿಸೋ ಟೂಲುಗಳಿವೆ, ಆದರೆ ಅವಕ್ಕೆ ಕೊಡಬೇಕಾದರೆ ಮೊದಲು ಆ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದು ಪಠ್ಯವನ್ನು ಹೊರಗೆ ತೆಗೀಬೇಕು.

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಜಾರಿಗೆ ಬಂದಿದೆ. ಡಿಜಿಟಲ್ ಸರಕು ಮಾರುವವರು, ಕೊಡ್ತಿರೋದು ಬರೀ ಲೈಸೆನ್ಸು ಅಂತ ಸ್ಪಷ್ಟವಾಗಿ ತಿಳಿಸದೆ ಗುಂಡಿಯ ಮೇಲೆ 'ಖರೀದಿಸಿ' ಅಂತ ಬರೆಯೋ ಹಾಗಿಲ್ಲ. ಶಾಶ್ವತವಾಗಿ ಇಳಿಸಿಕೊಂಡು, ಇಂಟರ್ನೆಟ್ ಇಲ್ಲದೆಯೂ ಬಳಸಬಹುದಾದ ಸರಕಿಗೆ ವಿನಾಯಿತಿ ಇದೆ. ಇದನ್ನು ಅಣ್ಣನಿಗೆ ಹೇಳಿದೆ. 'ಹಂಗಾರೆ ಬಾಡಿಗೆ ಅಂತಾನೇ ಬೋರ್ಡ್ ಹಾಕ್ಲಿ, ನಾವು ಅಡ್ವಾನ್ಸ್ ಕೊಟ್ಟು ಇರ್ತೀವಿ' ಅಂದ.

ಸದ್ಯಕ್ಕೆ ಹಳೆಯ ಡೆಸ್ಕ್‌ಟಾಪಿನ ಪವರ್ ಸಪ್ಲೈ ಬದಲಾಯಿಸಿ, ಹಾರ್ಡ್‌ಡಿಸ್ಕಿನದೊಂದು ಪೂರ್ತಿ ನಕಲು ಮಾಡಿ ಕೊಟ್ಟಿದ್ದೇನೆ. ನೆಟ್ ಕೇಬಲ್ ಕಿತ್ತಿದ್ದೇವೆ, ಯಾವ ಅಪ್‌ಡೇಟೂ ಅದರ ಹತ್ತಿರ ಸುಳಿಯಬಾರದು. ಎಕ್ಸ್‌ಪಿಯ ಹಸಿರು ಗುಡ್ಡ ಇನ್ನೂ ಪರದೆಯ ಮೇಲಿದೆ. ಬಿಡುವಾದಾಗ ದಿನಕ್ಕೆ ನಾಲ್ಕೈದು ಫೈಲ್ ತೆರೆದು ಪಠ್ಯ ಹೊರತೆಗೆದು ಪೆನ್‌ಡ್ರೈವಿಗೆ ಹಾಕೋಕೆ ಒಬ್ಬ ಹುಡುಗನನ್ನು ಕೂರಿಸಿದ್ದಾನೆ. ದೇವಸ್ಥಾನದ ಲೆಕ್ಕಗಳು ಮುಗಿದವಂತೆ, ಶಾಲೆಯ ಸಂಚಿಕೆ ಅರ್ಧ ಆಗಿದೆ. ವಂಶವೃಕ್ಷದ ಫೈಲು ದೊಡ್ಡದು, ತೆರೆಯುವಾಗ ಎರಡು ಸಲ ಹ್ಯಾಂಗ್ ಆಯಿತು ಅಂತ ಮೊನ್ನೆ ಫೋನಿನಲ್ಲಿ ಹೇಳಿದ. ಯುಗಾದಿಗೆ ಬಂದಾಗ ನೋಡ್ತೀನಿ ಅಂದಿದ್ದೀನಿ.